ಲಾರ್ಜ್‌ಮೌತ್ ಬ್ಯಾಸ್, ಸಾಫ್ಟ್ ಪ್ಲಾಸ್ಟಿಕ್: ಮೀನು ಕಚ್ಚುತ್ತೆ, ನಿಲ್ಲಲ್ಲ. ಬದಲಿಸಬೇಕಾದ್ದು ರಾಡಾ, ಲೈನಾ, ಹುಕ್ಕಾ?

ಫ್ರಿಸ್ಕೋ_ಗಾಳ

ಎಲ್ಲರಿಗೂ ನಮಸ್ಕಾರ. ಇರೋದು ಡಲ್ಲಾಸ್‌ನ ಉತ್ತರಕ್ಕೆ. ದೋಣಿ ಇಲ್ಲ, ದಡದಿಂದಲೇ ಲಾರ್ಜ್‌ಮೌತ್ ಬ್ಯಾಸ್ ಅನ್ನೋ ದೊಡ್ಡ ಬಾಯಿಯ ಸಿಹಿನೀರಿನ ಮೀನಿಗೆ ಗಾಳ ಹಾಕೋದು. ಬಡಾವಣೆ ಒಳಗಿನ ಸಣ್ಣ ಪಾಂಡ್‌ಗಳು, ರಜೆ ಇದ್ರೆ ಲೇಕ್ ರೇ ರಾಬರ್ಟ್ಸ್. ದಡದಲ್ಲಿ ಜೊಂಡು, ನೀರೊಳಗೆ ಹೈಡ್ರಿಲ್ಲಾ ಪಾಚಿ, ಅಲ್ಲಲ್ಲಿ ಮುಳುಗಿದ ಮರ.

ಈಗಿರೋ ಸಾಮಾನು: 6 ಅಡಿ 6 ಇಂಚಿನ ಮೀಡಿಯಂ ಲೈಟ್ (ಸುಲಭವಾಗಿ ಬಗ್ಗೋ) ಸ್ಪಿನ್ನಿಂಗ್ ಕಾಂಬೊ, ಅಂದ್ರೆ ರಾಡ್ ಮತ್ತು ರೀಲ್ ಜೋಡಿ, ಅದರ ಜೊತೆಗೇ ಸುತ್ತಿಕೊಂಡು ಬಂದ 6 ಪೌಂಡ್ ಮೋನೊ (ನೈಲಾನ್ ಲೈನ್), 5/0 ಇಡಬ್ಲ್ಯುಜಿ (ಅಗಲ ಬಾಗಿನ) ಹುಕ್ ಒಂದು ಪ್ಯಾಕೆಟ್, 5 ಇಂಚಿನ ಸೆಂಕೊ (ಮೆತ್ತನೆ ಪ್ಲಾಸ್ಟಿಕ್ ಹುಳು) ಎರಡು ಪ್ಯಾಕೆಟ್, 1/4 ಔನ್ಸ್ ಬುಲೆಟ್ ಸಿಂಕರ್ (ಲೈನಿಗೆ ಹಾಕೋ ತೂಕ). ಟೆಕ್ಸಸ್ ರಿಗ್ ಕಟ್ಟಿ ಹಾಕ್ತೀನಿ, ಅಂದ್ರೆ ಹುಕ್ಕಿನ ಮೊನೆ ಹುಳುವಿನೊಳಗೆ ಮುಚ್ಚಿ.

ಆಗ್ತಿರೋದು ಇಷ್ಟು. ಕಚ್ಚಿದ್ದು ಗೊತ್ತಾಗುತ್ತೆ, ರಾಡ್ ಎತ್ತಿದ್ರೆ ಭಾರ ಸಿಗುತ್ತೆ, ಎರಡು ಸೆಕೆಂಡಲ್ಲಿ ಬಿಟ್ಟು ಹೋಗುತ್ತೆ. ಹುಳು ಮಾತ್ರ ಹುಕ್ಕಿನ ಕೆಳಕ್ಕೆ ಜಾರಿ ಮುದ್ದೆಯಾಗಿ ಬರುತ್ತೆ. ಲೈನ್ ಸುರುಳಿ ಸುತ್ತಿಕೊಂಡು ರೀಲಿಂದ ಕಂತೆಕಂತೆ ಆಚೆ ಬರುತ್ತೆ. ಇನ್ನೂ 200 ಡಾಲರ್ ಒಳಗೆ ಖರ್ಚು ಮಾಡಬಹುದು. ಅಂಗಡಿಗೆ ಹೋದ್ರೆ ಒಂದು ಗೋಡೆ ತುಂಬ ಬರೀ ಹುಕ್ಕೇ ನೇತಾಡ್ತಾ ಇದೆ, ಯಾವುದು ಅಂತ ಆರಿಸೋದು? ಬಲ್ಲವರು ಹೇಳಿ.

ಕೆರೆ_ಏರಿ

ಫ್ರಿಸ್ಕೋ ಅವರೇ, ನೀವು ತಗೊಂಡಿರೋ ಸಾಮಾನು ಒಂದೊಂದೂ ಚೆನ್ನಾಗೇ ಇದೆ. ಜೋಡಿ ಕೂಡಿಲ್ಲ, ಅಷ್ಟೇ.

5/0 ಇಡಬ್ಲ್ಯುಜಿ ಅಂದ್ರೆ ದಪ್ಪ ತಂತಿಯ ಹುಕ್. ಅದರ ಮೊನೆ ಮೊದಲು ಹುಳುವಿನ ಮೈ ಸೀಳಿ ಆಚೆ ಬರಬೇಕು, ಆಮೇಲೆ ಮೀನಿನ ಬಾಯೊಳಗೆ ಮುಳ್ಳಿನವರೆಗೂ ಇಳಿಯಬೇಕು. ಇದಕ್ಕೆ ಬಲ ಬೇಕು. ನೀವು ರಾಡ್ ಎತ್ತಿದಾಗ ಮೀಡಿಯಂ ಲೈಟ್ ರಾಡ್ ನಡುವಿನವರೆಗೂ ಬಾಗಿ ಅರ್ಧ ಬಲ ನುಂಗುತ್ತೆ, 6 ಪೌಂಡ್ ಮೋನೊ ಹಿಗ್ಗಿ ಉಳಿದದ್ದನ್ನ ನುಂಗುತ್ತೆ. ಮೊನೆ ಮೀನಿನ ತುಟಿಗೆ ತಗುಲಿರುತ್ತೆ, ಒಳಕ್ಕೆ ಇಳಿದಿರಲ್ಲ. ಮೀನು ಒಂದು ಸಲ ತಲೆ ಒದರಿದ್ರೆ ಆಯ್ತು. ಎರಡು ಸೆಕೆಂಡ್ ಭಾರ ಸಿಕ್ಕಿ ಬಿಟ್ಟುಹೋಗೋದಕ್ಕೆ ಕಾರಣ ಇದೇ.

ಹಾಗಾಗಿ ಎರಡು ದಾರಿ. ಇದೇ ರಾಡ್ ಇಟ್ಕೊಂಡು ಹುಕ್ ಸಣ್ಣದು, ತಂತಿ ತೆಳು ಮಾಡಿಕೊಳ್ಳೋದು. ಇಲ್ಲ ದಪ್ಪ ಹುಕ್ಕಿಗೆ ತಕ್ಕ ರಾಡ್ ತಗೊಳ್ಳೋದು. ದಡದಿಂದ ಹಿಡಿಯೋರಿಗೆ ನನ್ನ ಮತ ಮೊದಲನೇದಕ್ಕೆ. ಇವತ್ತೇ, ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ್ದು: ಸಿಂಕರ್ ಬಿಚ್ಚಿ, 1/0 ಅಥವಾ 2/0 ಅಳತೆಯ ವೀಡ್‌ಲೆಸ್ (ಪಾಚಿಗೆ ಸಿಕ್ಕದ ಹಾಗೆ ಕಾವಲು ಇರೋ) ವ್ಯಾಕಿ ಹುಕ್ ಕಟ್ಟಿ, ಸೆಂಕೊದ ನಡುವಿಗೆ ಒಂದು ಓ-ರಿಂಗ್ (ರಬ್ಬರ್ ಉಂಗುರ) ಹಾಕಿ ಅದರಡಿ ಹುಕ್ ತೂರಿಸಿ. ಮೊನೆ ಬಯಲಲ್ಲೇ ಇರೋದರಿಂದ ಪ್ಲಾಸ್ಟಿಕ್ ಸೀಳೋ ಕೆಲಸವಿಲ್ಲ, ತಂತಿ ತೆಳುವಾದ್ದರಿಂದ ಸುಲಭವಾಗಿ ಇಳಿಯುತ್ತೆ. ರಾಡ್ ಜೋರಾಗಿ ಎಳೀಬೇಡಿ. ಸಡಿಲ ಸುತ್ತಿಕೊಂಡು, ಭಾರ ಸಿಕ್ಕ ಮೇಲೆ ಎತ್ತಿ ಹಿಡಿದ್ರೆ ಸಾಕು.

ಸೆಂಕೊದಲ್ಲಿ ಉಪ್ಪು ತುಂಬಿರುತ್ತೆ, 5 ಇಂಚಿನದು ಸುಮಾರು 10 ಗ್ರಾಂ ತೂಗುತ್ತೆ. ಸಿಂಕರ್ ಇಲ್ಲದೆಯೂ ದೂರ ಹೋಗುತ್ತೆ, ನೀರಿಗೆ ಬಿದ್ದ ಮೇಲೆ ಅಡ್ಡಡ್ಡ ಮಲಗಿ ಎರಡೂ ತುದಿ ನಡುಗಿಸ್ತಾ ಇಳಿಯುತ್ತೆ. ಮೀನು ಕಚ್ಚೋದು ಬಹುಪಾಲು ಆ ಇಳಿತದಲ್ಲೇ. 1/4 ಔನ್ಸ್ ಸಿಂಕರ್ ಹಾಕಿದ ಕೂಡಲೇ ಆ ನಡುಕ ಸತ್ತು ಹುಳು ನೆಟ್ಟಗೆ ತಳಕ್ಕೆ ಹೋಗುತ್ತೆ. 6–8 ಅಡಿ ಆಳದೊಳಗೆ ಸೆಂಕೊಗೆ ಸಿಂಕರ್ ಬೇಡವೇ ಬೇಡ. ಇಳಿಯುವಾಗ ಲೈನ್ ತೀರ ಬಿಗಿ ಹಿಡೀಬೇಡಿ, ತುಸು ಸಡಿಲ ಬಿಟ್ಟು ನೀರು ಮುಟ್ಟೋ ಜಾಗ ನೋಡ್ತಾ ಇರಿ. ಲೈನ್ ಪಟ್ ಅಂತ ಜಿಗಿದ್ರೆ, ಪಕ್ಕಕ್ಕೆ ಹೊರಟ್ರೆ, ಅಥವಾ ತಳ ಮುಟ್ಟೋ ಮೊದಲೇ ಇಳಿಯೋದು ನಿಂತ್ರೆ ಮೀನು ಬಾಯಿ ಹಾಕಿದೆ ಅಂತ ಲೆಕ್ಕ.

ಹ್ಯೂಸ್ಟನ್_ಹುಕ್

ಕೆರೆ ಏರಿ ಸರ್ ಹೇಳಿದ್ದು ಬಯಲು ನೀರಿಗೆ ಸರಿ. ಹೈಡ್ರಿಲ್ಲಾ, ಮುಳುಗಿದ ಮರ ಅಂತಾನೂ ಬರೆದಿದ್ದಾರಲ್ಲ, ಅಲ್ಲಿ ಮೀಡಿಯಂ ಲೈಟ್ ನಡೆಯಲ್ಲ. 4 ಪೌಂಡಿನ ಬ್ಯಾಸ್ ಪಾಚಿಗೆ ತಲೆ ತೂರಿಸಿದ್ರೆ ಪಾಚಿಯದ್ದೇ 5 ಪೌಂಡ್ ಸೇರಿಕೊಳ್ಳುತ್ತೆ. ಆ ಜಾಗಕ್ಕೆ 7 ಅಡಿ, ಮೀಡಿಯಂ ಹೆವಿ, ಫಾಸ್ಟ್ ಕಾಸ್ಟಿಂಗ್ ರಾಡ್, ಮೇಲೆ ಒಂದು ಬೇಟ್‌ಕಾಸ್ಟರ್ (ಎಸೆದಾಗ ಲೈನ್ ಸುತ್ತಿದ ಉರುಳೆಯೇ ತಿರುಗೋ ರೀಲ್), 15 ಪೌಂಡ್ ಫ್ಲೂರೋಕಾರ್ಬನ್ ಲೈನ್.

ರಾಡ್ ಮೇಲೆ ಎರಡು ಮಾತು ಬರೆದಿರುತ್ತೆ, ತುಂಬ ಜನ ಎರಡನ್ನೂ ಒಂದೇ ಅಂದ್ಕೋತಾರೆ. ಪವರ್ ಅಂದ್ರೆ ಬಗ್ಗಿಸೋಕೆ ಎಷ್ಟು ಬಲ ಬೇಕು ಅಂತ: ಮೀಡಿಯಂ, ಮೀಡಿಯಂ ಹೆವಿ, ಹೆವಿ. ಆಕ್ಷನ್ ಅಂದ್ರೆ ಎಲ್ಲಿಂದ ಬಗ್ಗುತ್ತೆ ಅಂತ. ಫಾಸ್ಟ್ ಆದ್ರೆ ತುದಿಯ ಮೂರನೇ ಒಂದು ಭಾಗ ಬಗ್ಗುತ್ತೆ, ಮಾಡರೇಟ್ ಆದ್ರೆ ನಡುವಿನಿಂದ. ಮೊನೆ ಹುಳುವಿನೊಳಗೆ ಮುಚ್ಚಿರೋ ಟೆಕ್ಸಸ್ ರಿಗ್‌ಗೆ ಫಾಸ್ಟ್ ಬೇಕು. ಮಾಡರೇಟ್ ರಾಡು ಮೂರು ಕವಲಿನ ಟ್ರೆಬಲ್ ಹುಕ್ ಇರೋ ಕ್ರ್ಯಾಂಕ್‌ಬೇಟ್ ಅನ್ನೋ ಗಟ್ಟಿ ಮೈಯ ನಕಲಿ ಮೀನಿಗೆ ಇರಲಿ.

ಹಿಡಿಯ ಮೇಲಿನ ಅಕ್ಷರ ಓದದೆ ರಾಡ್ ಕೊಳ್ಳಬೇಡಿ. ಮೀಡಿಯಂ ಹೆವಿ ಅಂತ ಬರೆದಿದ್ರೂ ಎಸೆಯಬಹುದಾದ ಲ್ಯೂರಿನ (ನಕಲಿ ಬೇಟೆಯ) ತೂಕ ಒಂದು ಕಂಪನಿಯದು 1/4 ಔನ್ಸಿಂದ ಶುರುವಾಗುತ್ತೆ, ಇನ್ನೊಂದರದು 3/8ರಿಂದ. ನೀವು ಹಾಕೋದು ಹಗುರ ಸಾಮಾನು, 1/4ರಿಂದ ಶುರುವಾಗೋದನ್ನೇ ಆರಿಸಿ.

ಬೇಟ್‌ಕಾಸ್ಟರ್ ಗೋಜಲಾಗೋದು ಸ್ಪೂಲ್ (ಲೈನಿನ ಉರುಳೆ) ಲ್ಯೂರಿಗಿಂತ ವೇಗವಾಗಿ ಸುತ್ತಿದಾಗ. ಲ್ಯೂರ್ ಕಟ್ಟಿ, ರಾಡ್ ಅಡ್ಡ ಹಿಡಿದು, ಬಟನ್ ಒತ್ತಿ ಬಿಡಿ. ನಿಧಾನಕ್ಕೆ ಇಳೀಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಹಾಗಾಗೋವರೆಗೂ ಪಕ್ಕದ ಟೆನ್ಶನ್ ನಾಬ್ ಬಿಗಿ ಮಾಡಿ. ಬ್ರೇಕ್ ಮೊದಲು ಮುಕ್ಕಾಲು ಭಾಗಕ್ಕಿಟ್ಟು, ಕೈ ಕೂತ ಹಾಗೆ ಇಳಿಸಿಕೊಳ್ಳಿ. ಲ್ಯೂರ್ ನೀರು ಮುಟ್ಟೋ ಮುಂಚೆ ಹೆಬ್ಬೆರಳಿಂದ ಸ್ಪೂಲ್ ಒತ್ತಲೇಬೇಕು, ಇದನ್ನ ಯಾವ ಬ್ರೇಕೂ ಮಾಡಿಕೊಡಲ್ಲ. ಲ್ಯೂರಿನ ತೂಕ ಬದಲಾದಾಗಲೆಲ್ಲ ನಾಬ್ ಮತ್ತೆ ನೋಡಬೇಕು. ಎದುರು ಗಾಳಿಗೆ ಎಸೆಯೋ ಪ್ರಯತ್ನ ಮೊದಲ ತಿಂಗಳು ಬೇಡ.

ಕೆರೆ_ಏರಿ

ಹ್ಯೂಸ್ಟನ್ ಗುರುಗಳೇ, ಒಪ್ಪಿದೆ, ಆದರೆ 200 ಡಾಲರಿನಲ್ಲಿ ರಾಡ್, ರೀಲ್, ಲೈನ್, ಹುಕ್ ಎಲ್ಲ ಆಗಬೇಕು. ಅಷ್ಟು ದುಡ್ಡಿಗೆ ಸಿಗೋ ಸ್ಪಿನ್ನಿಂಗ್ ರೀಲ್ ಚೆನ್ನಾಗಿರುತ್ತೆ. ಅದೇ ಬೆಲೆಯ ಬೇಟ್‌ಕಾಸ್ಟರಿನಲ್ಲಿ ತೂಕವಿಲ್ಲದ ಸೆಂಕೊ ಎಸೆಯೋದು ಪಾಡು. ಹೊಸದು ಕೊಳ್ಳೋದಾದ್ರೆ 7 ಅಡಿ ಮೀಡಿಯಂ, ಫಾಸ್ಟ್ ಸ್ಪಿನ್ನಿಂಗ್, 2500 ಅಳತೆಯ ರೀಲ್, ಒಳಗೆ 15 ಪೌಂಡ್ ಬ್ರೇಡ್ (ಹೆಣೆದ ಲೈನ್). ವ್ಯಾಕಿ, ನೆಡ್ (ಹಗುರ ತಲೆಯ ಹುಕ್ಕಿಗೆ ಸಣ್ಣ ಹುಳು), ಡ್ರಾಪ್ ಶಾಟ್ (ತೂಕ ತಳಕ್ಕೆ, ಹುಕ್ ಅದರ ಮೇಲೆ), ಹಗುರ ಟೆಕ್ಸಸ್ ರಿಗ್ ನಾಲ್ಕೂ ಇದರಲ್ಲೇ ಆಗುತ್ತೆ. ಬೇಟ್‌ಕಾಸ್ಟರ್ ಎರಡನೇ ರಾಡ್ ಆಗಿ ಬರಲಿ.

ಗಂಟು_ಗೋಪಾಲ

ಲೈನಿನ ವಿಷಯ ನಾನು ಹೇಳ್ತೀನಿ, ನಿಮ್ಮ ಮೂರನೇ ತೊಂದರೆ ಅಲ್ಲೇ ಇರೋದು.

ಮೋನೊ ಹಿಗ್ಗುತ್ತೆ, ಹೆಚ್ಚುಕಡಿಮೆ ತೇಲುತ್ತೆ. ಫ್ಲೂರೋಕಾರ್ಬನ್ ಮುಳುಗುತ್ತೆ, ನೀರಲ್ಲಿ ಕಣ್ಣಿಗೆ ಕಮ್ಮಿ ಬೀಳುತ್ತೆ, ಉಜ್ಜಾಟ ತಡೆಯುತ್ತೆ. ಹಿಗ್ಗೋದೇ ಇಲ್ಲ ಅಂತ ಮಾರೋರು ಹೇಳ್ತಾರೆ, ನಂಬಬೇಡಿ, ಅದೂ ಹಿಗ್ಗುತ್ತೆ. ಬ್ರೇಡ್ ಹಿಗ್ಗಲ್ಲ, ತೇಲುತ್ತೆ, ಬಹಳ ತೆಳು: 30 ಪೌಂಡ್ ಬ್ರೇಡ್ ಸುಮಾರು 8 ಪೌಂಡ್ ಮೋನೊ ದಪ್ಪ, 50 ಪೌಂಡಿನದು 12 ಪೌಂಡ್ ಮೋನೊ ದಪ್ಪ. ಪಾಚಿಯನ್ನ ಗರಗಸದ ಹಾಗೆ ಕುಯ್ಯುತ್ತೆ. ಮರದಲ್ಲಿ ಮಾತ್ರ ಅದೇ ಗುಣ ಮುಳುವಾಗುತ್ತೆ, ಕೊಂಬೆಯೊಳಕ್ಕೇ ಕಚ್ಚಿಕೊಂಡು ನಿಂತುಬಿಡುತ್ತೆ. ಮರ ಇರೋ ಕಡೆ ಫ್ಲೂರೋಕಾರ್ಬನ್, ಪಾಚಿ ಇರೋ ಕಡೆ ಬ್ರೇಡ್.

ಸ್ಪಿನ್ನಿಂಗ್ ರೀಲಿಗೆ ಬ್ರೇಡ್ ಸುತ್ತೋ ಮೊದಲು ತಳಕ್ಕೆ ಒಂದು ಹತ್ತು ಸುತ್ತು ಮೋನೊ ಹಾಕಿ. ಬರೀ ಬ್ರೇಡ್ ಸುತ್ತಿದ್ರೆ ಇಡೀ ಸುರುಳಿ ಸ್ಪೂಲ್ ಮೇಲೆ ಜಾರಿ ತಿರುಗುತ್ತೆ, ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಡೋ ಹಿಡಿತ) ಕೆಟ್ಟಿದೆ ಅಂತ ರೀಲ್ ವಾಪಸ್ ಕೊಡೋರು ಎಷ್ಟೋ ಜನ. ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸ್ಪೂಲಿನ ಅಂಚಿಗೆ ಸುಮಾರು 3 ಮಿಲಿಮೀಟರ್ ಉಳಿಸಿ. ಅಂಚಿನವರೆಗೂ ತುಂಬಿದ್ರೆ ನೀವು ಹೇಳಿದ ಹಾಗೆ ಕಂತೆಯಾಗಿ ಉದುರುತ್ತೆ. ಎಸೆದ ಮೇಲೆ ಬೇಲ್ (ರೀಲಿನ ತಂತಿ ಕಮಾನು) ಕೈಯಿಂದ ಮುಚ್ಚಿ, ಹಿಡಿ ತಿರುಗಿಸಿ ಮುಚ್ಚಬೇಡಿ. ಮುಚ್ಚಿ ಒಂದು ಸಲ ಲೈನ್ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಸ್ಪೂಲಿನ ಮೇಲೆ ಒಂದು ಸಡಿಲ ಸುತ್ತು ಉಳಿದ್ರೆ ಮುಂದಿನ ಎಸೆತಕ್ಕೆ ಗೋಜಲು ಗ್ಯಾರಂಟಿ. ನಿಮ್ಮ ಲೈನ್ ತಿರುಚಿಕೊಳ್ಳೋದಕ್ಕೆ ಇನ್ನೊಂದು ಕಾರಣ ಹುಳು ಸೊಟ್ಟಗೆ ಕೂತಿರೋದು. ಸುತ್ತುವಾಗ ಅದು ಗಿರಗಿರ ತಿರುಗಿ ಲೈನನ್ನೂ ತಿರುಚುತ್ತೆ.

ಬ್ರೇಡಿನ ತುದಿಗೆ 8 ಪೌಂಡ್ ಫ್ಲೂರೋಕಾರ್ಬನ್ ಲೀಡರ್, ಅಂದ್ರೆ ತುದಿಗೆ ಸೇರಿಸೋ ತುಂಡು ಲೈನ್, 6ರಿಂದ 8 ಅಡಿ. ಮರದ ಹತ್ತಿರ ಹಾಕೋದಾದ್ರೆ 10 ಪೌಂಡಿನದು. ಕೆಂಪಗೆ ಕದಡಿದ ನೀರಾದ್ರೆ ಲೀಡರ್ ಇಲ್ಲದೆ ನೇರ ಬ್ರೇಡಿಗೇ ಕಟ್ಟಬಹುದು. ಎರಡನ್ನೂ ಸೇರಿಸೋಕೆ ಡಬಲ್ ಯುನಿ ಗಂಟು ಸಾಕು: ಬ್ರೇಡಿನ ಕಡೆ 8 ಸುತ್ತು, ಫ್ಲೂರೋ ಕಡೆ 5. ಎಫ್‌ಜಿ ಗಂಟು ಇದಕ್ಕಿಂತ ಸಣ್ಣದಾಗಿ ಬರುತ್ತೆ, ರಾಡಿನ ಉಂಗುರದಲ್ಲಿ ತಡೆಯಲ್ಲ, ಆದರೆ ಕೆರೆ ದಂಡೆಯಲ್ಲಿ ಗಾಳಿಗೆ ನಿಂತು ಕಟ್ಟೋದು ಕಷ್ಟ.

ಹುಕ್ಕಿಗೆ ಪಾಲೋಮಾರ್ ಗಂಟು. ಅರ್ಧ ಅಡಿ ಲೈನ್ ಮಡಚಿ ಜೋಡಿ ಮಾಡಿ ಹುಕ್ಕಿನ ಕಣ್ಣಿಗೆ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ತುದಿಯ ಕುಣಿಕೆಯೊಳಗೆ ಇಡೀ ಹುಕ್ ದಾಟಿಸಿ, ಉಗುಳು ಹಚ್ಚಿ ನಿಧಾನಕ್ಕೆ ಎಳೆಯಿರಿ. ಒಣಗಿದ ಫ್ಲೂರೋಕಾರ್ಬನ್ ಎಳೆದ್ರೆ ಉಜ್ಜಿದ ಬಿಸಿಗೆ ಗಂಟಿನ ಹತ್ತಿರ ಸುರುಟಿಕೊಂಡು ಬಿಳಿಚುತ್ತೆ, ಅಲ್ಲೇ ತುಂಡಾಗುತ್ತೆ. ಜೋಡಿ ಎಳೆಗಳು ಒಂದರ ಮೇಲೊಂದು ಹತ್ತಿದ್ರೂ ಗಂಟು ನಿಲ್ಲಲ್ಲ, ಬಿಚ್ಚಿ ಮತ್ತೆ ಕಟ್ಟಿ. ಪ್ರತಿ ಮೀನಾದ ಮೇಲೆ, ಮರಕ್ಕೆ ಸಿಕ್ಕಿ ಬಿಡಿಸಿದ ಮೇಲೆ, ಕೊನೆಯ ಎರಡು ಮೂರು ಅಡಿ ಬೆರಳ ನಡುವೆ ಎಳೆದು ನೋಡಿ. ತರಿತರಿ ಅನ್ನಿಸಿದ್ರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಡ್ರ್ಯಾಗ್: ಲೈನ್ ತಡೆಯೋ ಭಾರದ ಕಾಲು ಭಾಗ. 8 ಪೌಂಡ್ ಲೀಡರಿಗೆ 2 ಪೌಂಡ್. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗೋ ಕೈ ತಕ್ಕಡಿ ಎಲ್ಲರ ಮನೆಯಲ್ಲೂ ಇರುತ್ತಲ್ಲ, ಅದರ ಕೊಕ್ಕೆಗೆ ಲೈನ್ ಕಟ್ಟಿ, ರಾಡ್ ಎತ್ತಿ ಹಿಡಿದು ಎಳೆಯಿರಿ, 2 ಪೌಂಡ್ ತೋರಿಸುವಾಗ ರೀಲ್ ಲೈನ್ ಬಿಡಬೇಕು. ಕೈ ಅಂದಾಜಿಗೆ ಬಿಟ್ರೆ ಎಲ್ಲರೂ ಬಿಗಿ ಜಾಸ್ತಿಯೇ ಇಡ್ತಾರೆ.

ಫ್ರಿಸ್ಕೋ_ಗಾಳ

ತುಂಬ ಉಪಕಾರ ಆಯ್ತು. ಮೊದಲು ಸ್ಪಿನ್ನಿಂಗ್ ರಾಡೇ ತಗೋತೀನಿ. ಎರಡು ಅನುಮಾನ ಉಳೀತು. ಹುಕ್ ಅಳತೆ ಹುಳುವಿಗೆ ಹೇಗೆ ಹೊಂದಿಸೋದು? ಟೆಕ್ಸಸ್ ರಿಗ್‌ನಲ್ಲಿ ಹುಳು ಜಾರದ ಹಾಗೆ ಕೂರಿಸೋದು ಹೇಗೆ?

ಹ್ಯೂಸ್ಟನ್_ಹುಕ್

ಅಳತೆ ಮೊದಲು. 1, 2, 4 ಅಂತ ಬರೀ ಸಂಖ್ಯೆ ಇದ್ರೆ ಸಂಖ್ಯೆ ಏರಿದಷ್ಟೂ ಹುಕ್ ಸಣ್ಣದು. 1/0, 2/0, 3/0 ಅಂತ ಇದ್ರೆ ಏರಿದಷ್ಟೂ ದೊಡ್ಡದು. ಆದರೆ ಕಂಪನಿಯಿಂದ ಕಂಪನಿಗೆ 3/0 ಒಂದೇ ಅಳತೆ ಇರಲ್ಲ, ಗಮಕಾಟ್ಸು ಕಂಪನಿಯ ಹುಕ್ ಪಕ್ಕ ಬೇರೆಯದಿಟ್ಟು ನೋಡಿದ್ರೆ ಗೊತ್ತಾಗುತ್ತೆ. ಅದಕ್ಕೇ ಸಂಖ್ಯೆಗಿಂತ ಗ್ಯಾಪ್ ನೋಡಿ, ಅಂದ್ರೆ ಮೊನೆಗೂ ಹುಕ್ಕಿನ ನೆಟ್ಟಗಿನ ಕಾಲಿಗೂ ನಡುವಿನ ಅಂತರ. ಹುಳುವಿನ ದಪ್ಪದ ಎರಡರಷ್ಟು ಇರಬೇಕು. ಮೀನು ಕಚ್ಚಿದಾಗ ಪ್ಲಾಸ್ಟಿಕ್ ಹಿಂದಕ್ಕೆ ಸರಿದು ಆ ಬಾಗಿನಲ್ಲೇ ಗುಡ್ಡೆಯಾಗುತ್ತೆ, ಅದು ಹಿಡಿದ ಮೇಲೂ ಮೊನೆಗೆ ಜಾಗ ಉಳೀಬೇಕು.

ಇಡಬ್ಲ್ಯುಜಿ ಅಂದ್ರೆ ಅಗಲ ಗ್ಯಾಪಿನದು, ದಪ್ಪ ಮೈಯ ಸಾಮಾನಿಗೆ: 5 ಇಂಚಿನ ಸೆಂಕೊಗೆ 3/0 ಅಥವಾ 4/0, 4 ಇಂಚಿನದಕ್ಕೆ 2/0, ಕ್ರಾ (ಸಿಗಡಿ ಆಕಾರದ್ದು), ಬ್ರಷ್ ಹಾಗ್ ಥರದ್ದಕ್ಕೆ 4/0, ಜೂಮ್ ಸೂಪರ್ ಫ್ಲೂಕ್‌ಗೆ (ಸಣ್ಣ ಮೀನಿನ ಆಕಾರದ್ದು) 4/0. 6–7 ಇಂಚಿನ ತೆಳು ಹುಳುಗಳಿಗೆ, ಅಂದ್ರೆ ಟ್ರಿಕ್ ವರ್ಮ್, ರಿಬ್ಬನ್ ಬಾಲದವು, ಇಡಬ್ಲ್ಯುಜಿ ಬೇಡ, ದುಂಡು ಬಾಗಿನ ಆಫ್‌ಸೆಟ್ ವರ್ಮ್ ಹುಕ್ 3/0. ಡ್ರಾಪ್ ಶಾಟ್‌ಗೆ ನಂಬರ್ 1. ಸ್ಪಿನ್ನಿಂಗ್ ರಾಡಿಗೆ ಎಲ್ಲದರಲ್ಲೂ ಲೈಟ್ ವೈರ್ ಅಂತ ಬರೆದದ್ದೇ ಕೇಳಿ ತಗೊಳ್ಳಿ.

ಮೊನೆ ಹರಿತ ಇದೆಯಾ ಅಂತ ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ. ಕಚ್ಚಿ ನಿಂತ್ರೆ ಸರಿ, ಜಾರಿದ್ರೆ ಬದಲಿಸಿ.

ಈಗ ಕೂರಿಸೋದು. ಹುಳುವಿನ ಮೂತಿಗೆ ನಟ್ಟನಡುವೆ ಮೊನೆ ಇಳಿಸಿ, 6 ಮಿಲಿಮೀಟರ್ ಒಳಗೆ ಹೋದ ಮೇಲೆ ಪಕ್ಕದಿಂದ ಆಚೆ ತೆಗೀರಿ. ಹುಕ್ ಪೂರ್ತಿ ಎಳೆದು, ಕಣ್ಣಿನ ಹತ್ತಿರದ ಮೆಟ್ಟಿಲಿನಂಥ ಬಾಗು ಮೂತಿಯೊಳಗೆ ಕೂರೋ ಹಾಗೆ ಮಾಡಿ, ಅರ್ಧ ಸುತ್ತು ತಿರುಗಿಸಿ. ಈಗ ಹುಕ್ಕನ್ನ ಹುಳುವಿನ ಮಗ್ಗುಲಿಗೆ ಇಟ್ಟು ಬಾಗಿನ ತಳ ಎಲ್ಲಿಗೆ ಬರುತ್ತೆ ಅಂತ ಉಗುರಿಂದ ಗುರುತು ಮಾಡಿ. ಎಲ್ಲರೂ ಎಡವೋದು ಇಲ್ಲೇ. ಗುರುತು ದಾಟಿ ಬಾಲದ ಕಡೆ ತೂರಿಸಿದ್ರೆ ಹುಳು ಉಬ್ಬಿ ಕೂರುತ್ತೆ, ಮೂತಿಯ ಕಡೆ ತೂರಿಸಿದ್ರೆ ಎಳೆದುಕೊಂಡು ಬಾಗುತ್ತೆ. ಎರಡರಲ್ಲೂ ನೀರಲ್ಲಿ ತಿರುಗುತ್ತೆ. ಗುರುತಿನಲ್ಲೇ ನೇರ ಆಚೆಗೆ ತೂರಿಸಿ, ಮೊನೆಯನ್ನ ಬೆನ್ನಿನ ತೆಳು ಸಿಪ್ಪೆಯಡಿ ಕೂದಲೆಳೆಯಷ್ಟು ಮುಚ್ಚಿ. ಕಣ್ಣೆದುರು ಲೈನ್ ಹಿಡಿದು ತೂಗುಬಿಟ್ರೆ ಹುಳು ಗೆರೆ ಎಳೆದ ಹಾಗೆ ನೆಟ್ಟಗಿರಬೇಕು.

ಮೂತಿ ಹರಿದಿದ್ರೆ ಜಾರಿಯೇ ಜಾರುತ್ತೆ. ಒಂದು ತೊಟ್ಟು ಸೂಪರ್ ಗ್ಲೂ ಹಾಕಿ, ಇಲ್ಲ ಹರಿದ 1 ಸೆಂಟಿಮೀಟರ್ ಕತ್ತರಿಸಿ ಹೊಸ ಮೂತಿ ಮಾಡಿ. ಉಪ್ಪು ಹೆಚ್ಚಿದಷ್ಟೂ ಹುಳು ಬೇಗ ಹರಿಯುತ್ತೆ, ಸೆಂಕೊಗೆ ಅದು ತಪ್ಪಿದ್ದಲ್ಲ. ಪಾಚಿಯಲ್ಲಿ ಸಿಂಕರ್ ಒಂದು ಕಡೆ, ಹುಳು ಒಂದು ಕಡೆ ಆಗದ ಹಾಗೆ ಸಿಂಕರಿನ ಮೇಲೆ, ರಾಡಿನ ಕಡೆಗೆ, ರಬ್ಬರ್ ಸ್ಟಾಪರ್ ಹಾಕಿ. ಸ್ಪಿನ್ನಿಂಗಿಗೆ 1/8ರಿಂದ 3/16 ಔನ್ಸ್ ಸಾಕು.

ಟೆಕ್ಸಸ್ ರಿಗ್‌ಗೆ ಮೀನು ಕಚ್ಚಿದಾಗ ರಾಡ್ ತುದಿ ಇಳಿಸಿ, ಸಡಿಲ ಸುತ್ತಿ, ಆಮೇಲೆ ಗಟ್ಟಿಯಾಗಿ ಮೇಲಕ್ಕೆಳೆಯಿರಿ. ಸಡಿಲ ಲೈನಿನ ಮೇಲೆ ಎಳೆದ್ರೆ ಬಲವೆಲ್ಲ ಗಾಳಿಗೆ ಹೋಗುತ್ತೆ.

ಧಾರವಾಡ_ಇನ್_ಬಾಸ್ಟನ್

ಸಾಫ್ಟ್ ಪ್ಲಾಸ್ಟಿಕ್ ಇಡೋದರ ಬಗ್ಗೆ ಯಾರೂ ಹೇಳಿಲ್ರಿ. ಝಡ್‌ಮ್ಯಾನ್ ಕಂಪನಿಯ ಇಲಾಜ್‌ಟೆಕ್ ಸಾಮಾನು ಬ್ಯಾರೆ ಪ್ಲಾಸ್ಟಿಕ್ ಜೋಡಿ ಒಂದ ಡಬ್ಬ್ಯಾಗ ಇಡಬ್ಯಾಡ್ರಿ, ಎರಡೂ ಕರಗಿ ಅಂಟಾಗತಾವ. ಅದನ್ನ ಅದರ ಚೀಲದಾಗ ಇಡ್ರಿ. ಇದು ಹರಿಯೂದು ಭಾಳ ಕಡಿಮಿ, ಮತ್ತ ತೇಲತೈತಿ, ಅದಕ್ಕ ನೆಡ್ ರಿಗ್‌ಗೆ ಹೇಳಿ ಮಾಡಿಸಿದ್ದು: 2.75 ಇಂಚಿನ ಟಿಆರ್‌ಡಿ ಹುಳ, 1/10 ಔನ್ಸ್ ಅಣಬಿ ತಲಿ ಜಿಗ್ (ತೂಕ ಕೂಡಿಸಿದ ಹುಕ್), ತಳಕ್ಕ ಬಿದ್ದ ಮ್ಯಾಲೂ ಬಾಲ ಮ್ಯಾಲಕ್ಕ ಎದ್ದು ನಿಂದರತೈತಿ. ನೀರು ತಣ್ಣಗಾದಾಗ, 55 ಡಿಗ್ರಿ ಫ್ಯಾರನ್‌ಹೀಟ್ ಒಳಗ ಇಳಿದಾಗ, ಇದನ್ನ ಹಾಕಿ ನಿಧಾನ ಎಳೀರಿ.

ಟೆಕ್ಸಸ್ ಬಿಸಲಾಗ ಕಾರಿನ್ಯಾಗ ಬಿಟ್ರ ಹುಳದ ಬಾಲ ಮಡಚಿ ಹಂಗ ಕೂಡತೈತಿ. ಕುದಿಯೂ ನೀರಾಗ ಅರ್ಧ ನಿಮಿಷ ಎದ್ದಿ, ನೆಟ್ಟಗ ಹಿಡದು ತಣ್ಣೀರಿಗೆ ಹಾಕಿದ್ರ ಸರಿಯಾಗತೈತಿ. ಕಪ್ಪು ಬಣ್ಣದ್ದು ಬ್ಯಾರೆ ಬಣ್ಣದ ಜೋಡಿ ಕೂಡಿಸಬ್ಯಾಡ್ರಿ, ಬಣ್ಣ ಬಿಡತೈತಿ. ಬಣ್ಣ ಅಂದ್ರ ಎರಡ ಸಾಕ್ರಿ: ತಿಳಿನೀರಿಗೆ ಗ್ರೀನ್ ಪಂಪ್ಕಿನ್, ಕದಡಿದ ನೀರಿಗೆ ಬ್ಲ್ಯಾಕ್ ಅಂಡ್ ಬ್ಲೂ.

ಈ ಕಡೆ ಪೂರ್ವಕ್ಕ ಬಂದ್ರ ಒಂದು ಲಕ್ಷ್ಯ ಇರಲಿ. ನ್ಯೂ ಹ್ಯಾಂಪ್‌ಶೈರ್‌ದಾಗ ಒಂದು ಔನ್ಸ್ ಮತ್ತ ಅದರ ಒಳಗಿನ ಸೀಸದ ಸಿಂಕರ್, ಜಿಗ್ ನಡಿಯೂದಿಲ್ಲ, ಲೂನ್ ಅನ್ನೂ ನೀರಹಕ್ಕಿ ಅದನ್ನ ನುಂಗಿ ಸಾಯತಾವ ಅಂತ. ಟಂಗ್‌ಸ್ಟನ್ ತಗೋರಿ. ರೊಕ್ಕ ಹೆಚ್ಚು ಖರೆ, ಆದ್ರ ಅದ ತೂಕಕ್ಕ ಸಣ್ಣದಿರತೈತಿ, ತಳದಾಗ ಕಲ್ಲೋ ಮಣ್ಣೋ ಅನ್ನೂದು ಕೈಗೆ ಸ್ವಚ್ಛ ತಿಳೀತೈತಿ.

ಕೆರೆ_ಏರಿ

ಕಾನೂನಿನ ಮಾತು ಬಂತಲ್ಲ, ಟೆಕ್ಸಸ್‌ನದೂ ಸೇರಿಸ್ತೀನಿ. 17 ತುಂಬಿದವರಿಗೆ ಲೈಸೆನ್ಸ್ ಬೇಕು. ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಹಿಡಿದ್ರೆ ಬೇಡ. ರೇ ರಾಬರ್ಟ್ಸ್ ಪಾರ್ಕ್‌ನಲ್ಲೂ, ಜೋ ಪೂಲ್ ಕೆರೆ ದಡದ ಸೀಡರ್ ಹಿಲ್ ಪಾರ್ಕ್‌ನಲ್ಲೂ ಪ್ರವೇಶ ಶುಲ್ಕ ಮಾತ್ರ. ಲಾರ್ಜ್‌ಮೌತ್ ಇಟ್ಕೊಳ್ಳೋದಾದ್ರೆ ಸಾಮಾನ್ಯ ನಿಯಮ ಕನಿಷ್ಠ 14 ಇಂಚು, ದಿನಕ್ಕೆ 5. ಕೆಲವು ಕೆರೆಗೆ ಬೇರೆ ನಿಯಮ ಇದೆ: ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದನ್ನ ಬಿಡಲೇಬೇಕು. 1992ರಲ್ಲಿ ಸಿಕ್ಕ 18.18 ಪೌಂಡಿನ ರಾಜ್ಯ ದಾಖಲೆ ಮೀನು ಅಲ್ಲಿಯದೇ. ಬಾಯಿ ಮುಚ್ಚಿಸಿ, ಬಾಲ ಒತ್ತಿ ಹಿಡಿದು ಅಳೆಯಿರಿ.

ತೀರ್ಥಹಳ್ಳಿ_ತುಂಗೆ

ನಾನು ಊರಲ್ಲೇ ಇರೋನು, ಒಂದು ಪ್ರಶ್ನೆ. ಇದೇ ಬ್ಯಾಸ್ ಸಾಮಾನು ನಮ್ಮ ಕೆರೆಗಳ ಮುರ್ರೆಲ್‌ಗೆ (ಹಾವಿನಂಥ ತಲೆಯ ಮೀನು) ನಡೆಯುತ್ತಾ? ತಾವರೆ ಎಲೆ, ಅಂತರಗಂಗೆ ತುಂಬಿರೋ ಕೆರೆ.

ಹ್ಯೂಸ್ಟನ್_ಹುಕ್

ನಡೆಯುತ್ತೆ ಸರ್, ಆದರೆ ಮೇಲೆ ಹೇಳಿದ ಸ್ಪಿನ್ನಿಂಗ್ ಸೆಟ್ ಬೇಡ. ಇಲ್ಲಿ ಎಲೆಗಳ ಮೇಲೆ ಬ್ಯಾಸ್‌ಗೆ ಹಾಕೋ ಫ್ರಾಗ್ ಸೆಟ್ ಹಾಗೇ ಎತ್ತಿಕೊಳ್ಳಿ: 7 ಅಡಿ ಮೀಡಿಯಂ ಹೆವಿ ಅಥವಾ ಹೆವಿ, 50 ಪೌಂಡ್ ಬ್ರೇಡ್, ಲೀಡರ್ ಇಲ್ಲದೆ ನೇರ ಪಾಲೋಮಾರ್ ಗಂಟು, ಒಳಗೆ ಟೊಳ್ಳಿರೋ ನಕಲಿ ಕಪ್ಪೆ. ಕೊಳ್ಳುವಾಗ ಬೆರಳಲ್ಲಿ ಒತ್ತಿ ನೋಡಿ, ಮೈ ಪೂರ್ತಿ ಕುಗ್ಗಿ ಎರಡೂ ಹುಕ್ ಬಯಲಾಗಬೇಕು. ಗಟ್ಟಿ ಮೈಯ ಅಗ್ಗದ ಕಪ್ಪೆಯಲ್ಲಿ ಮೀನು ಕಚ್ಚಿದ್ರೂ ಹುಕ್ ತಾಗಲ್ಲ. ಇಕ್ಕಳದಿಂದ ಮೊನೆಗಳನ್ನ ಒಂದು ಚೂರು ಹೊರಕ್ಕೆ ಬಗ್ಗಿಸಿ, ಜಾಸ್ತಿ ಬಗ್ಗಿಸಿದ್ರೆ ಎಲೆಯೆಲ್ಲ ಸಿಕ್ಕುತ್ತೆ. ಕಾಲಿನ ರಬ್ಬರ್ ಎಳೆ ಒಂದು ಬದಿಗೆ ಒಂದು ಇಂಚು ಗಿಡ್ಡ ಮಾಡಿದ್ರೆ ಕಪ್ಪೆ ಎಡಕ್ಕೂ ಬಲಕ್ಕೂ ಓಲಾಡುತ್ತೆ.

ನೀರು ಸಿಡಿದ ಕೂಡಲೇ ಎಳೀಬೇಡಿ, ಕಪ್ಪೆ ಹಾರಿ ನಿಮ್ಮ ಮುಖಕ್ಕೇ ಬರುತ್ತೆ. ಅದು ಕಣ್ಮರೆಯಾಗಿ ಲೈನ್ ಭಾರವಾದ ಮೇಲೆ, ಡ್ರ್ಯಾಗ್ ಪೂರ್ತಿ ಬಿಗಿ ಇಟ್ಟು, ಒಂದೇ ಸಲ ಗಟ್ಟಿಯಾಗಿ ಎಳೆದು ತಲೆ ಎಲೆಯ ಮೇಲಕ್ಕೆ ತನ್ನಿ. ಎಸೆತ ಐದಾರು ಆದ ಮೇಲೆ ಕಪ್ಪೆಯೊಳಗೆ ನೀರು ಸೇರುತ್ತೆ, ಹಿಂಡಿ ತೆಗೀರಿ, ಇಲ್ಲದಿದ್ರೆ ಹಿಂಭಾಗ ಮುಳುಗಿ ಎಲೆಗಳಡಿ ಸಿಕ್ಕಿಕೊಳ್ಳುತ್ತೆ. ಮುರ್ರೆಲ್‌ಗೆ ಹಲ್ಲಿದೆ, ಬ್ಯಾಸ್ ಥರ ಬಾಯಿಗೆ ಬೆರಳು ಹಾಕಿ ಎತ್ತಬೇಡಿ, ಇಕ್ಕಳ ಇರಲಿ.